ತೆಪ್ಪಕಾಡಿನ ಖಾಲಿ ಬಾಟಲಿ ಮತ್ತು ಬಂಟ್ವಾಳದ ವಿಠಲ ಮಲ್ಯ

ಗೂಡಲೂರಿಗೆ ತರಕಾರಿ ಇಳಿಸಿ ಗುಂಡ್ಲುಪೇಟೆಗೆ ವಾಪಸು ಬರುವ ನಮ್ಮಂಥವರಿಗೆ ತೆಪ್ಪಕಾಡು ಒಂದು ನಿಲುಗಡೆ. ಗೂಡಲೂರು ರಸ್ತೆ, ಮಸಿನಗುಡಿ ರಸ್ತೆ ಎರಡೂ ಅಲ್ಲಿ ಬಂದು ಕೂಡುತ್ತವೆ. ಪಕ್ಕದಲ್ಲೇ ಮೋಯಾರ್ ಹೊಳೆ, ಅದರ ದಡದಲ್ಲಿ ಆನೆ ಶಿಬಿರ. ಅಲ್ಲಿಂದ ಕೆಲವೇ ಮೈಲಿ ಹೋದರೆ ಕೆಕ್ಕನಹಳ್ಳದ ಚೆಕ್‌ಪೋಸ್ಟು, ಅದನ್ನು ದಾಟಿದರೆ ಬಂಡೀಪುರ, ನಮ್ಮ ಸೀಮೆ. 2009ರಿಂದ ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆ ಮುಚ್ಚುವುದರಿಂದ ಅಷ್ಟರೊಳಗೆ ದಾಟಬೇಕೆಂಬ ಆತುರ ಎಲ್ಲರಿಗೂ ಇದ್ದದ್ದೇ. ಆದರೂ ಒಂದು ಲೋಟ ಟೀ ಕುಡಿಯದೆ ಹೋದರೆ ಸಮಾಧಾನವಿಲ್ಲ.

ಮೊನ್ನೆ ಅಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಒಬ್ಬಾತ ಗೋಣಿಚೀಲದ ತುಂಬ ಖಾಲಿ ಬಾಟಲಿ ಹೊತ್ತು ಬಂದ. ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಈ ಪದ್ಧತಿ ಬಂದಿದೆ. ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ಹತ್ತು ರೂಪಾಯಿ ವಾಪಸು. ಕುಡಿದವರು ಕಾಡಿನಲ್ಲಿ ಎಸೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತದೆ ಎಂಬ ವಿಷಯ ಹೈಕೋರ್ಟಿಗೆ ಹೋಗಿ ಅಲ್ಲಿಂದ ಬಂದ ಏರ್ಪಾಡು ಇದು. ಒಳ್ಳೆಯ ಕೆಲಸವೇ ಸರಿ.

ನನ್ನ ಜೊತೆ ಬಂದಿದ್ದ ಡ್ರೈವರ್ ಹುಡುಗ ಆ ಚೀಲದಿಂದ ಒಂದೊಂದೇ ಬಾಟಲಿ ತೆಗೆದು ಲೇಬಲ್ ನೋಡತೊಡಗಿದ. ಮುಂದಿನ ತಿಂಗಳು ಅವನ ತಂಗಿಯ ಮದುವೆ. ಮದುವೆಯಾದ ಮೇಲೆ ಬೀಗರ ಔತಣ ಇದೆಯಲ್ಲ, ಅದಕ್ಕೆ ಬಾಡೂಟದ ಜೊತೆ ಗಂಡಿನ ಕಡೆಯವರಿಗೆ ವಿಸ್ಕಿಯೂ ಆಗಬೇಕಂತೆ. ಕಡಿಮೆ ದುಡ್ಡಿನಲ್ಲಿ ಯಾವುದು ವಾಸಿ ಅಂತ ನನ್ನನ್ನು ಕೇಳಿದ. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಬಿಟ್ಟ. ಅಂಗಡಿ ಬೆಲೆಯ ಅರ್ಧಕ್ಕೆ ಕ್ಯಾನಿನಲ್ಲಿ ಮಾಲು ತಂದುಕೊಡುತ್ತೇನೆ ಅಂತ ಯಾರೋ ಹೇಳಿದ್ದಾರಂತೆ. ಕುಡಿದು ನೋಡಿದವರು ರುಚಿ ಚೆನ್ನಾಗಿದೆ ಅಂದರಂತೆ.

ಅವನಿಗೆ ಅಲ್ಲೇ ಒಂದು ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಅವನ ಕೈಯಲ್ಲಿದ್ದ ಬಾಟಲಿ ಮೆಕ್‌ಡೊವೆಲ್ ಕಂಪನಿಯದು. ಅದನ್ನು ಕಂಡು ನನಗೆ ಬಂಟ್ವಾಳದ ಮನೆತನದ ಒಬ್ಬ ಮನುಷ್ಯ ನೆನಪಾದರು. ಕೆಕ್ಕನಹಳ್ಳ ದಾಟಿ ಗುಂಡ್ಲುಪೇಟೆ ಸೇರುವವರೆಗೆ ಅವರ ಕಥೆಯನ್ನೇ ಹೇಳುತ್ತಾ ಬಂದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಡಾಕ್ಟರರ ಮಗ

ವಿಠಲ ಮಲ್ಯ ಹುಟ್ಟಿದ್ದು 1924ರ ಫೆಬ್ರವರಿ 8ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಢಾಕಾದಲ್ಲಿ. ತಂದೆ ಬಂಟ್ವಾಳ ಗಣಪತಿ ಮಲ್ಯ ಸೈನ್ಯದಲ್ಲಿ ಡಾಕ್ಟರು, ಲೆಫ್ಟಿನೆಂಟ್ ಕರ್ನಲ್. ಮನೆಮಾತು ಕೊಂಕಣಿ, ಮೂಲ ನೇತ್ರಾವತಿ ದಡದ ಬಂಟ್ವಾಳ. ಆಗ ದಕ್ಷಿಣ ಕನ್ನಡ ಜಿಲ್ಲೆ, ಈ ನೀಲಗಿರಿ, ನಮ್ಮ ಪಕ್ಕದ ಕೊಳ್ಳೇಗಾಲ ಎಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಗುಂಡ್ಲುಪೇಟೆ ಮಾತ್ರ ಮಹಾರಾಜರ ಮೈಸೂರು. ಗಡಿ ಅನ್ನೋದು ನಮ್ಮ ಜನಕ್ಕೆ ಇವತ್ತು ನಿನ್ನೆಯದಲ್ಲ ನೋಡಿ.

ಸೈನ್ಯದ ಅಧಿಕಾರಿಯ ಮಗನಾದ್ದರಿಂದ ಹುಡುಗ ಓದಿದ್ದು ದೂರದ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ. ಆಮೇಲೆ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜು. ತಂದೆಯ ಹಾಗೆ ಡಾಕ್ಟರಾಗಲಿಲ್ಲ, ಸರ್ಕಾರಿ ನೌಕರಿಗೂ ಹೋಗಲಿಲ್ಲ. ಅವರ ಆಸಕ್ತಿ ಷೇರುಪೇಟೆಯ ಮೇಲೆ, ಕಂಪನಿಗಳ ಲೆಕ್ಕಪತ್ರದ ಮೇಲೆ. ನಾವು ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವ ಹಾಗೆ ಅವರು ಕಂಪನಿಯ ಬ್ಯಾಲೆನ್ಸ್ ಶೀಟು ನೋಡುತ್ತಿದ್ದರು ಅಂತ ಇಟ್ಟುಕೊಳ್ಳಿ. ಹೊರಗೆ ಸೊರಗಿದಂತೆ ಕಾಣುವ ಕಂಪನಿಯ ಒಳಗೆ ಏನಿದೆ ಅನ್ನೋದು ಅವರಿಗೆ ಬೇಗ ತಿಳಿಯುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದಿತ್ತು. ಇಂಗ್ಲಿಷರು ಗಂಟುಮೂಟೆ ಕಟ್ಟುತ್ತಿದ್ದರು. ಅವರ ಕಂಪನಿಗಳ ಷೇರು ಕೊಳ್ಳಲು ಅದು ಕಾಲ. ಇಪ್ಪತ್ತೆರಡರ ಪ್ರಾಯದಲ್ಲಿ ವಿಠಲ ಮಲ್ಯ ಯುನೈಟೆಡ್ ಬ್ರೂವರೀಸ್ ಅನ್ನುವ ಬಿಯರು ಕಂಪನಿಯ ಷೇರುಗಳನ್ನು ಕೊಳ್ಳಲು ಶುರುಮಾಡಿದರು.

ನೀಲಗಿರಿಯ ಬಿಯರು

ಆ ಕಂಪನಿಯ ಬೇರು ಇರುವುದು ಇದೇ ನೀಲಗಿರಿಯಲ್ಲಿ. ಬೆಟ್ಟದ ತಂಪು ಹವೆ, ಒಳ್ಳೆಯ ನೀರು, ವೆಲ್ಲಿಂಗ್ಟನ್ನಿನಲ್ಲಿ ಬಿಳಿ ಸೈನಿಕರ ದಂಡು. ಬಿಯರು ಮಾಡಲು ಇನ್ನೇನು ಬೇಕು? 1857ರ ಸುಮಾರಿಗೇ ಇಲ್ಲಿ ಬ್ರೂವರಿ ಎದ್ದಿತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್ಲೆಂಡಿನ ಸಾಹೇಬ ಕ್ಯಾಸಲ್ ಬ್ರೂವರಿ, ನೀಲಗಿರಿ ಬ್ರೂವರಿ, ಬೆಂಗಳೂರಿನ ಬ್ರೂವರಿ ಸೇರಿದಂತೆ ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆ ಕಾಲಕ್ಕೆ ಸೈನಿಕರ ಬಿಯರು ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಹೋಗುತ್ತಿತ್ತು.

1947ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ವಿಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರಾದರು. ಮರುವರ್ಷವೇ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ನಮ್ಮಲ್ಲಿ ಆ ವಯಸ್ಸಿನ ಹುಡುಗನಿಗೆ ಅಂಗಡಿಯ ಗಲ್ಲಾದ ಬೀಗದ ಕೈ ಕೊಡಲು ಅಪ್ಪಂದಿರು ಹಿಂದೆಮುಂದೆ ನೋಡುತ್ತಾರೆ.

ಆದರೆ ಅವರು ಕುರ್ಚಿಗೆ ಬಂದ ಹೊತ್ತು ಎಂಥದ್ದು ಅಂತ ನೋಡಿ. 1948ರ ಗಾಂಧಿ ಜಯಂತಿಯಿಂದ ಮದ್ರಾಸ್ ಪ್ರಾಂತ್ಯಕ್ಕೆಲ್ಲ ಪಾನನಿಷೇಧ ಬಂತು. ಊಟಿಯೂ ಒಣಗಿತು, ಬಂಟ್ವಾಳವೂ ಒಣಗಿತು. ಹೊಸ ಸಂವಿಧಾನವೂ ಪಾನನಿಷೇಧವನ್ನು ಸರ್ಕಾರಗಳು ಸಾಧಿಸಬೇಕಾದ ಗುರಿ ಅಂತ ಬರೆಯಿತು. ಮದ್ಯದ ಧಂಧೆಯಲ್ಲಿದ್ದವರು ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವ ಕಾಲ. ಎಲ್ಲರೂ ಮಾರುವಾಗ ವಿಠಲ ಮಲ್ಯ ಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಈರುಳ್ಳಿ ಹಿಡಿದಿಡುವ ವ್ಯಾಪಾರಿಗೆ ಈ ಲೆಕ್ಕ ಅರ್ಥವಾಗುತ್ತದೆ. ಅದರಲ್ಲಿರುವ ಅಪಾಯವೂ ಅರ್ಥವಾಗುತ್ತದೆ.

ಆಮದು ಅಂಗಡಿಯಿಂದ ಭಟ್ಟಿಗೆ

1951ರಲ್ಲಿ ಅವರು ಮೆಕ್‌ಡೊವೆಲ್ ಕಂಪನಿ ಕೊಂಡರು. ಅದನ್ನು ಹಾಕಿದವನು ಆಂಗಸ್ ಮೆಕ್‌ಡೊವೆಲ್, ಅವನೂ ಸ್ಕಾಟ್ಲೆಂಡಿನವನು. 1826ರಿಂದ ಮದ್ರಾಸಿನಲ್ಲಿದ್ದ ಹಳೇ ವ್ಯಾಪಾರ ಅದು. ಸೀಮೆಯಿಂದ ವೈನು, ವಿಸ್ಕಿ, ಚುಟ್ಟ ತರಿಸಿ ದೊರೆಗಳಿಗೆ ಮಾರುವುದು ಅವರ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೋದರು. ವಿದೇಶಿ ಹಣ ಉಳಿಸಬೇಕೆಂದು ಸರ್ಕಾರ ಆಮದಿಗೆ ಬಿಗಿ ಹಾಕಿತು. ಮದ್ರಾಸಿನಲ್ಲಿ ಕುಡಿಯುವ ಹಾಗೇ ಇಲ್ಲ. ಇಂಥ ಕಂಪನಿಯನ್ನು ಯಾಕೆ ಕೊಂಡರು ಅಂತ ಆಗ ಕೇಳಿದವರು ಇದ್ದೇ ಇರಬೇಕು.

ಮಲ್ಯರ ಲೆಕ್ಕ ಬೇರೆ ಇತ್ತು. ಸ್ಕಾಚ್ ಬರುವುದು ನಿಂತಿತು, ಕುಡಿಯುವವರು ನಿಲ್ಲಲಿಲ್ಲ. ಅಷ್ಟು ದುಡ್ಡು ಕೊಡಲಾರದ ಗುಮಾಸ್ತ, ಮೇಷ್ಟ್ರು, ಲಾರಿ ಮಾಲೀಕ, ಸಣ್ಣ ವ್ಯಾಪಾರಿ ಇವರೆಲ್ಲ ನಾಳೆ ಗಿರಾಕಿಗಳಾಗುತ್ತಾರೆ. ಅವರಿಗೆ ಬೇಕಾದ್ದು ಹೆಂಡ, ಸಾರಾಯಿಗಿಂತ ಮೇಲಿನದು, ಸ್ಕಾಚ್‌ಗಿಂತ ಎಷ್ಟೋ ಅಗ್ಗದ್ದು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್ ಹೆಸರಿನ ಡಿಸ್ಟಿಲರಿ ಶುರುವಾಯಿತು. ಮೊದಲು ಬ್ರಾಂದಿ, ಆಮೇಲೆ ಮಿಕ್ಕದ್ದು. 1967ರ ಹೊತ್ತಿಗೆ ಕೇರಳ, ಮೈಸೂರು ರಾಜ್ಯಗಳು ಪಾನನಿಷೇಧ ಸಡಿಲಿಸಿದವು. 1968ರಲ್ಲಿ ಮೆಕ್‌ಡೊವೆಲ್ಸ್ ನಂಬರ್ ಒನ್ ವಿಸ್ಕಿ ಪೇಟೆಗೆ ಬಂತು. ಇಪ್ಪತ್ತು ವರ್ಷ ಕಾದವರಿಗೆ ಬಾಗಿಲು ತೆರೆದ ಹಾಗಾಯಿತು.

ನಮ್ಮ ಕಬ್ಬೇ ಅವರ ವಿಸ್ಕಿ

ಇಲ್ಲಿ ರೈತರಿಗೆ ಒಂದು ವಿಷಯ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಅಂದರೆ ಬಾರ್ಲಿ ಮುಂತಾದ ಧಾನ್ಯದಿಂದ ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಟ್ಟದ್ದು. ನಮ್ಮಲ್ಲಿ ಆ ಕಾಲಕ್ಕೆ ಉಣ್ಣುವುದಕ್ಕೇ ಧಾನ್ಯವಿರಲಿಲ್ಲ, ಹಡಗಿನಲ್ಲಿ ಗೋಧಿ ಬರಬೇಕಿತ್ತು. ಅದನ್ನು ಹೆಂಡಕ್ಕೆ ಹಾಕುವವರು ಯಾರು? ಆದರೆ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಬೇಕಾದಷ್ಟಿತ್ತು. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಅದನ್ನು ಹುಳಿಬರಿಸಿ, ಭಟ್ಟಿ ಇಳಿಸಿ, ಮತ್ತೆ ಮತ್ತೆ ಶುದ್ಧಮಾಡಿ ನೂರಕ್ಕೆ ತೊಂಬತ್ತಾರರಷ್ಟು ಆಲ್ಕೋಹಾಲ್ ಇರುವ ಸ್ಪಿರಿಟ್ ಮಾಡುತ್ತಾರೆ. ಅದಕ್ಕೆ ಹೆಚ್ಚು ಕಡಿಮೆ ರುಚಿಯೇ ಇಲ್ಲ, ವಾಸನೆಯೂ ಇಲ್ಲ. ಅದಕ್ಕೆ ಶುದ್ಧ ನೀರು, ಬಾರ್ಲಿಯಿಂದ ತೆಗೆದ ಮಾಲ್ಟ್ ಸ್ಪಿರಿಟ್ ಸ್ವಲ್ಪ, ಬಣ್ಣಕ್ಕೆ ಸುಟ್ಟ ಸಕ್ಕರೆ. ಅಗ್ಗದ ದೇಶಿ ವಿಸ್ಕಿಯ ಅಡುಗೆ ಇಷ್ಟೇ. ಯುರೋಪಿನಲ್ಲಿ ಕಾಕಂಬಿಯದನ್ನು ವಿಸ್ಕಿ ಅಂತ ಕರೆದು ಮಾರುವ ಹಾಗೇ ಇಲ್ಲ. ಈಚೆಗೆ ನಮ್ಮಲ್ಲೂ ಅಕ್ಕಿನುಚ್ಚು, ಜೋಳದ ಸ್ಪಿರಿಟ್ ಬಳಸುವವರು ಹೆಚ್ಚಾಗಿದ್ದಾರೆ.

ಹಾಗಾದರೆ ಇದರಲ್ಲಿ ಕಂಪನಿಯವನ ಜಾಣತನ ಏನು ಬಂತು? ಪ್ರತಿ ಬಾಟಲಿಯೂ ಒಂದೇ ಥರ ಇರಬೇಕು, ಅದು ಜಾಣತನ. ಮೈಸೂರಿನಲ್ಲಿ ಕೊಂಡದ್ದೂ ಮಂಗಳೂರಿನಲ್ಲಿ ಕೊಂಡದ್ದೂ ಒಂದೇ ಇರಬೇಕು. ಆಯಾ ರಾಜ್ಯಕ್ಕೆ ಆಯಾ ಕಾನೂನು, ಆಯಾ ತೆರಿಗೆ. ಒಂದು ರಾಜ್ಯದ ಮಾಲು ಇನ್ನೊಂದಕ್ಕೆ ಒಯ್ಯಲು ಸುಂಕದ ಹೊರೆ. ಆದ್ದರಿಂದ ಅಲ್ಲಲ್ಲೇ ಕಾರ್ಖಾನೆ ಬೇಕಾಯಿತು. ವಿಠಲ ಮಲ್ಯ ಊರೂರಿನಲ್ಲಿ ಕುಂಟುತ್ತಿದ್ದ ಡಿಸ್ಟಿಲರಿ, ಬ್ರೂವರಿಗಳನ್ನು ಒಂದೊಂದಾಗಿ ಹಿಡಿದರು. ಕ್ಯಾರ್ಯೂ, ಫಿಪ್ಸನ್, ಹರ್ಬರ್ಟ್‌ಸನ್ಸ್ ಇಂಥ ಹಳೇ ಇಂಗ್ಲಿಷ್ ಹೆಸರುಗಳೆಲ್ಲ ಅವರ ಗುಂಪಿಗೆ ಸೇರಿದವು. 1976ರಲ್ಲಿ ಹರ್ಬರ್ಟ್‌ಸನ್ಸ್‌ನಿಂದ ಬ್ಯಾಗ್‌ಪೈಪರ್ ವಿಸ್ಕಿ ಬಂತು. ಅದು ಇನ್ನೂ ಅಗ್ಗ. ಸಣ್ಣ ಊರಿನ ವೈನ್‌ಶಾಪಿನ ಕಪಾಟಿನವರೆಗೂ ಹೋಯಿತು.

ನಮ್ಮ ಅಣ್ಣ

ಅದೇ 1976ನೇ ಇಸವಿ ನಮ್ಮ ಮನೆಗೆ ಬೇರೆ ಕಾರಣಕ್ಕೆ ನೆನಪು. ತಮಿಳುನಾಡು ಸರ್ಕಾರ 1971ರಲ್ಲಿ ಪಾನನಿಷೇಧ ತೆಗೆದಿತ್ತು, 1974ರಲ್ಲಿ ಮತ್ತೆ ಹಾಕಿತ್ತು. ನಮ್ಮ ಅಣ್ಣ ಆಗ ಗಡಿಯಾಚೆಗೆ ಬೆಲ್ಲ, ಹುರುಳಿ ಸಾಗಿಸುತ್ತಿದ್ದ. ಮೂವತ್ತಮೂರು ವರ್ಷದ ಆಳು, ಮೂಟೆ ಎತ್ತಿದರೆ ಒಂದೇ ಏಟಿಗೆ ಭುಜಕ್ಕೆ. ಒಂದು ರಾತ್ರಿ ಆಚೆ ಕಡೆ ಉಳಿಯಬೇಕಾಗಿ ಬಂತು. ಚಳಿ. ಯಾರೋ ಕದ್ದು ಮಾರುತ್ತಿದ್ದ ಸಾರಾಯಿ ಕುಡಿದ. ಮಾರನೇ ಬೆಳಿಗ್ಗೆ ವಾಂತಿ, ತಲೆನೋವು. ಮಧ್ಯಾಹ್ನದ ಹೊತ್ತಿಗೆ ಕಣ್ಣ ಮುಂದೆ ಮಂಜು ಕವಿದ ಹಾಗೆ ಆಯಿತಂತೆ. ಮೈಸೂರಿಗೆ ಕರೆತಂದೆವು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಅದು ಮಿಥೈಲ್ ಆಲ್ಕೋಹಾಲ್ ಅನ್ನುವ ವಿಷ. ಕಾರ್ಖಾನೆಗಳಲ್ಲಿ ಬಣ್ಣ, ವಾರ್ನಿಷ್ ಕೆಲಸಕ್ಕೆ ಬಳಸುವಂಥದ್ದು. ನೋಡಲು ನೀರಿನ ಹಾಗೇ, ಕುಡಿದರೆ ಸಾರಾಯಿಯ ಹಾಗೇ. ದೇಹದೊಳಗೆ ಹೋಗಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರ ಸುಡುತ್ತದೆ. ಕೆಡುಕು ಕಾಣಿಸಿಕೊಳ್ಳಲು ಎಷ್ಟೋ ಗಂಟೆ ಬೇಕು, ಅಷ್ಟರಲ್ಲಿ ಎಷ್ಟೋ ಸಲ ಕಾಲ ಮೀರಿರುತ್ತದೆ.

ನಾವು ಅಣ್ಣನನ್ನು ಬೆಲ್ಲದ ಮಂಡಿಯಲ್ಲಿ ಕೂರಿಸಿದೆವು. ಕಣ್ಣು ಹೋದ ಮೇಲೆ ಅವನ ಮೂಗು ನಾಲಿಗೆ ಎಷ್ಟು ಚುರುಕಾದವು ಅಂದರೆ ಅಚ್ಚು ಮುರಿದು ಮೂಸಿದರೆ ಸಾಕು, ಯಾವ ಆಲೆಮನೆ, ಪಾಕ ಎಷ್ಟು ಏರಿದೆ, ಬಿಳುಪಿಗೆ ಹೈಡ್ರೋಸ್ ಹಾಕಿದ್ದಾರೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಹಳದಿ ಬೆಲ್ಲ ನೋಡಿ ನಾವು ಮರುಳಾಗುತ್ತಿದ್ದೆವು. ಅವನಿಗೆ ಬಣ್ಣ ಕಾಣದ್ದರಿಂದ ಮೋಸವೇ ಇರಲಿಲ್ಲ. ವ್ಯಾಪಾರದ ಗೆಳೆಯರು ಸಂಜೆ ತಮಾಷೆಗೆ ಬಾಟಲಿ ತಂದು ಅವನ ಮುಂದೆ ಮೂಸಲು ಹಿಡಿಯುತ್ತಿದ್ದರು. ಅವನು ಆಮೇಲೆ ಒಂದು ಹನಿಯೂ ಕುಡಿಯಲಿಲ್ಲ. ಆದರೆ ಮೂಸಿ ಇದು ಇಂಥ ದರದ್ದು ಅಂತ ಹೇಳಿದರೆ ತಪ್ಪುತ್ತಿದ್ದದ್ದು ಕಡಿಮೆ.

ಮೂಗು, ನಾಲಿಗೆ, ಲೆಕ್ಕ

ಅವನಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯದು, ಬಣ್ಣ ನಂಬಬೇಡಿ. ಅಗ್ಗದ ವಿಸ್ಕಿಯ ಹೊಂಬಣ್ಣ ಪೀಪಾಯಿಯಿಂದ ಬಂದದ್ದಲ್ಲ, ಸುಟ್ಟ ಸಕ್ಕರೆಯಿಂದ ಬಂದದ್ದು. ಗಾಢವಾಗಿದ್ದ ಮಾತ್ರಕ್ಕೆ ಹಳೆಯದು ಅಂತ ಅರ್ಥವಲ್ಲ. ನಮ್ಮ ಹವೆಯಲ್ಲಿ ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಹತ್ತಕ್ಕೂ ಮೇಲೆ ಆವಿಯಾಗುತ್ತದೆ. ವರ್ಷಗಟ್ಟಲೆ ಇಟ್ಟದ್ದು ಅಗ್ಗಕ್ಕೆ ಸಿಗುವುದು ಹೇಗೆ? ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಪೂರಾ ಬಾರ್ಲಿಯ ಮಾಲ್ಟ್ ವಿಸ್ಕಿ ತಂದು ಹೊರದೇಶದಲ್ಲೂ ಹೆಸರು ಮಾಡಿದರು. ಅದರ ಬೆಲೆಯೇ ಬೇರೆ, ಅದರ ಗಿರಾಕಿಯೇ ಬೇರೆ.

ಎರಡನೆಯದು, ಐಸ್ ಹಾಕಿ ರುಚಿ ನೋಡಬೇಡಿ. ತಂಪಿಗೆ ವಾಸನೆ ಮುಚ್ಚಿಕೊಳ್ಳುತ್ತದೆ. ಸೋಡಾ, ಉಪ್ಪಿನಕಾಯಿ, ಕಡಲೆಬೀಜ ಎಲ್ಲ ಆಮೇಲೆ. ಸ್ವಲ್ಪ ವಿಸ್ಕಿಗೆ ಅಷ್ಟೇ ನೀರು ಬೆರೆಸಿ ಮೂಸಿ. ಕಂಪನಿಗಳಲ್ಲಿ ವಿಸ್ಕಿ ಬೆರೆಸುವ ನಿಪುಣರೂ ನೀರು ಹಾಕಿಯೇ ಮೂಸುತ್ತಾರೆ, ಕುಡಿಯುವುದು ಅಪರೂಪ. ಉಗುರುಬಣ್ಣದ ಥರ ಮೂಗಿಗೆ ಹೊಡೆದರೆ ಸ್ಪಿರಿಟ್ ಸರಿಯಾಗಿ ಶುದ್ಧವಾಗಿಲ್ಲ. ಸೀದ ಬೆಲ್ಲದ ಪಾಕದ ವಾಸನೆ ಬಂದರೆ ಕಾಕಂಬಿ ಇಣುಕುತ್ತಿದೆ. ಮಾಲ್ಟ್ ಚೆನ್ನಾಗಿ ಬೆರೆತಿದ್ದರೆ ಹುರಿದ ಧಾನ್ಯದ, ಬಿಸ್ಕತ್ತಿನ ಥರದ ಮೆಲು ವಾಸನೆ. ಅಂಗೈಯಲ್ಲಿ ಎರಡು ಹನಿ ಉಜ್ಜಿ ಸ್ಪಿರಿಟ್ ಆರಿದ ಮೇಲೆ ಮೂಸಿದರೆ ಉಳಿದದ್ದು ಏನು ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾಯಿಗೆ ಹಾಕಿದಾಗ ನಾಲಿಗೆ ಉರಿದು ಗಂಟಲಲ್ಲಿ ಏನೂ ಉಳಿಯದಿದ್ದರೆ ಅದು ಬರೀ ಸ್ಪಿರಿಟ್ ನೀರು. ಎರಡು ಲೋಟದಲ್ಲಿ ಎರಡು ಬ್ರಾಂಡು ಹಾಕಿಸಿ, ಯಾವುದು ಯಾವುದೆಂದು ಹೇಳದಂತೆ ಮಾಡಿ ನೋಡಿ. ಲೇಬಲ್ಲಿಗೆ ಕೊಟ್ಟ ದುಡ್ಡೆಷ್ಟು, ಒಳಗಿನದಕ್ಕೆ ಕೊಟ್ಟದ್ದೆಷ್ಟು ತಿಳಿಯುತ್ತದೆ.

ಮೂರನೆಯದು ಲೆಕ್ಕ. ಬಾಟಲಿಯ ಮೇಲೆ 42.8 ಅಂತ ಇರುತ್ತದೆ, ಕೆಲವದರಲ್ಲಿ 25 ಯು.ಪಿ. ಅಂತಲೂ ಇರುತ್ತದೆ. ಎರಡೂ ಒಂದೇ ಮಾತು, ನೂರು ಪಾಲಿನಲ್ಲಿ 42.8 ಪಾಲು ಆಲ್ಕೋಹಾಲ್. 180 ಮಿಲಿಯ ಕ್ವಾರ್ಟರಿನಲ್ಲಿ ಅದು ಸುಮಾರು 77 ಮಿಲಿ. ಅಗ್ಗದ್ದಕ್ಕೂ ಅದರ ಎರಡರಷ್ಟು ಬೆಲೆಯದ್ದಕ್ಕೂ ಈ ಅಂಕಿ ಒಂದೇ. ಅಮಲು ಮಾತ್ರ ಬೇಕಾದವನಿಗೆ ದುಬಾರಿ ಬಾಟಲಿಯಿಂದ ಏನೂ ಹೆಚ್ಚು ಸಿಗದು. ಹೆಚ್ಚಿನ ದುಡ್ಡಿನಲ್ಲಿ ದೊಡ್ಡ ಪಾಲು ತೆರಿಗೆ, ಸ್ವಲ್ಪ ಡಬ್ಬಿ ಲೇಬಲ್ಲು, ಮಿಕ್ಕದ್ದು ಮಾಲ್ಟಿಗೆ. ಆ ಮಿಕ್ಕದ್ದರಲ್ಲಿ ನಿಮ್ಮ ಮೂಗಿಗೆ ವ್ಯತ್ಯಾಸ ಗೊತ್ತಾದರೆ ಕೊಡಿ, ಗೊತ್ತಾಗದಿದ್ದರೆ ಯಾಕೆ ಕೊಡಬೇಕು?

ನಾಲ್ಕನೆಯದನ್ನು ಅಣ್ಣ ಯಾವಾಗಲೂ ಕೊನೆಗೆ ಹೇಳುತ್ತಿದ್ದ. ಇಷ್ಟೆಲ್ಲ ಮೂಸಿ ಹೇಳಬಲ್ಲ ಅವನಿಗೂ ಕಣ್ಣು ತೆಗೆದ ಆ ವಿಷವನ್ನು ಮೂಸಿ ಕಂಡುಹಿಡಿಯಲು ಆಗುವುದಿಲ್ಲವಂತೆ. ಅವತ್ತಿನ ಸಾರಾಯಿ ಅವನಿಗೆ ರುಚಿಯಾಗಿಯೇ ಇತ್ತು. ರುಚಿ ಚೆನ್ನಾಗಿದ್ದರೆ ಮಾಲು ಚೆನ್ನಾಗಿದೆ ಅನ್ನುವ ನಂಬಿಕೆಯೇ ಜನರನ್ನು ಕೊಲ್ಲುತ್ತದೆ. ಅದನ್ನು ಹಿಡಿಯುವುದು ಪ್ರಯೋಗಶಾಲೆ ಮಾತ್ರ.

ಹೆಸರಿನ ಬೆಲೆ

ವಿಠಲ ಮಲ್ಯರ ಬದುಕಿನ ಕೆಲಸವನ್ನು ನಾನು ಅಳೆಯುವುದು ಈ ತಕ್ಕಡಿಯಲ್ಲಿ. ಅವರ ಅಗ್ಗದ ವಿಸ್ಕಿಯಲ್ಲಿ ಸ್ಕಾಚಿನ ರುಚಿ ಇರಲಿಲ್ಲ. ಇದೆ ಅನ್ನುವವರು ಸುಳ್ಳು ಹೇಳುತ್ತಾರೆ. ಆದರೆ ಅದರ ಮೇಲೆ ಒಂದು ಹೆಸರಿತ್ತು, ಬ್ಯಾಚ್ ನಂಬರಿತ್ತು, ಮುಚ್ಚಳಕ್ಕೆ ಸೀಲಿತ್ತು, ಕಾರ್ಖಾನೆಯಲ್ಲಿ ಅಬಕಾರಿಯವರ ಕಾವಲಿತ್ತು. ಕೆಟ್ಟರೆ ಹಿಡಿದು ಕೇಳಲು ಒಂದು ವಿಳಾಸವಿತ್ತು. ಅಣ್ಣನಿಗೆ ಸಾರಾಯಿ ಕೊಟ್ಟವನಿಗೆ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2024ರ ಜೂನ್‌ನಲ್ಲಿ ಇದೇ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು, ನಾಲ್ಕು ಕಾಸು ಉಳಿಯಿತೆಂದು ಕುಡಿದವರು.

ಹಾಗಂತ ಮಲ್ಯರನ್ನು ಸಂತ ಮಾಡಲು ಹೊರಟಿಲ್ಲ. ಅವರು ವ್ಯಾಪಾರಿ. ಬಾಟಲಿ ಊರೂರಿಗೆ ಸುಲಭವಾಗಿ ಸಿಗುವಂತಾದದ್ದರಿಂದ ಎಷ್ಟು ಮನೆಗಳ ಅಡುಗೆ ಒಲೆ ಆರಿದೆ ಅಂತ ನಮ್ಮ ಹೆಣ್ಣುಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಸೀಲಿದ್ದ ಬಾಟಲಿ ಕಣ್ಣು ಕೀಳುವುದಿಲ್ಲ. ದಿನವೂ ಕುಡಿದರೆ ಪಿತ್ತಜನಕಾಂಗವನ್ನೂ ಹೊಲವನ್ನೂ ನಿಧಾನವಾಗಿ ತಿನ್ನುತ್ತದೆ. ಅದೂ ಲೆಕ್ಕಕ್ಕೆ ಸೇರಬೇಕು.

ಮಲ್ಯರ ಬಗ್ಗೆ ಇನ್ನೊಂದು ಮಾತು. ಮದ್ಯದ ಮೇಲೆ ಮಾತ್ರ ಕೂತರೆ ಯಾವತ್ತಾದರೂ ಸರ್ಕಾರ ಬಾಗಿಲು ಹಾಕಿಸುತ್ತದೆ ಅಂತ ಅವರು ಮೊದಲಿನಿಂದಲೂ ತಿಳಿದಿದ್ದರು. 1950ರಲ್ಲೇ ಕಿಸಾನ್ ಕಂಪನಿ ಅವರ ಗುಂಪಿಗೆ ಬಂದಿತ್ತು. ನಮ್ಮ ಟೊಮೆಟೊ, ಹಣ್ಣುಗಳಿಂದ ಸಾಸು, ಜಾಮು ಮಾಡುವ ಕಂಪನಿ. 1973ರಲ್ಲಿ ವಿದೇಶಿ ಕಂಪನಿಗಳು ತಮ್ಮ ಪಾಲು ಇಳಿಸಬೇಕೆಂಬ ಕಾನೂನು ಬಂದಾಗ ಆ ಷೇರುಗಳನ್ನು ಹಿಡಿದವರಲ್ಲಿ ಅವರೂ ಒಬ್ಬರು. ಆಮೇಲೆ ಬರ್ಜರ್ ಅಂತ ಹೆಸರಾದ ಬ್ರಿಟಿಷ್ ಪೇಂಟ್ಸ್ ಅವರ ಗುಂಪಿಗೆ ಸೇರಿತು. ಹೆಕ್ಸ್ಟ್ ಔಷಧ ಕಂಪನಿಯ ಅಧ್ಯಕ್ಷರೂ ಆದರು. 1977ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ದೇಶಕ್ಕೆಲ್ಲ ಪಾನನಿಷೇಧ ತರುತ್ತೇವೆಂದು ಹೊರಟಾಗ ಬಹಳ ಮದ್ಯದ ಕಂಪನಿಗಳಿಗೆ ನಡುಕ ಹುಟ್ಟಿತು. ಮಲ್ಯರಿಗೆ ಕಾಲೂರಲು ಬೇರೆ ನೆಲವಿತ್ತು. ಒಂದೇ ಬೆಳೆ ನಂಬಬಾರದು ಅನ್ನುವ ರೈತನ ಬುದ್ಧಿ ಅದು.

ಇಷ್ಟು ದೊಡ್ಡವರಾದರೂ ಅವರು ಸದ್ದು ಮಾಡುವ ಜಾತಿಯವರಲ್ಲ. ಪೇಪರಿನಲ್ಲಿ ಫೋಟೊ ಬರಲಿ ಅನ್ನುವ ಆಸೆಯಿರಲಿಲ್ಲ. ಖರ್ಚಿನಲ್ಲಿ ಬಿಗಿ ಕೈ ಅಂತಲೇ ಹೆಸರು. 1983ರ ಅಕ್ಟೋಬರ್ 13ರಂದು, ಅರವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡರು. ಬೆಂಗಳೂರಿನ ಗ್ರಾಂಟ್ ರಸ್ತೆಗೆ ಆಮೇಲೆ ಅವರ ಹೆಸರಿಟ್ಟರು. ಆ ರಸ್ತೆಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅವರು ಯಾರೆಂದು ಗೊತ್ತಿಲ್ಲ, ಮಗ ವಿಜಯ ಮಲ್ಯರ ಅಪ್ಪ ಅಂದರೆ ಗೊತ್ತು.

ಮಗನ ಕಥೆ ಎಲ್ಲರೂ ಬಲ್ಲರು. ವಿಸ್ಕಿಯ ಸಾಮ್ರಾಜ್ಯವನ್ನು ಇನ್ನಷ್ಟು ದೊಡ್ಡದು ಮಾಡಿದರು, ವಿಮಾನ ಹಾರಿಸಿದರು, ಸಾಲಕ್ಕೆ ಸಿಕ್ಕಿದರು, 2016ರಲ್ಲಿ ದೇಶ ಬಿಟ್ಟರು. ಅಪ್ಪ ಕಟ್ಟಿದ ವಿಸ್ಕಿ ಕಂಪನಿಯ ಹಿಡಿತ 2013ರಿಂದೀಚೆಗೆ ಇಂಗ್ಲೆಂಡಿನ ಡಿಯಾಜಿಯೊ ಕೈ ಸೇರಿತು. ನೀಲಗಿರಿಯಿಂದ ಹೊರಟ ಬಿಯರು ಕಂಪನಿಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್‌ಗೆ ಹೋಯಿತು. ಸಾಹೇಬರಿಂದ ಕೊಂಡದ್ದು ಮತ್ತೆ ಸಾಹೇಬರಿಗೇ ಸೇರಿತು ಅನ್ನಿ. ಸುಮಾರು ಎಪ್ಪತ್ತೈದು ವರ್ಷದಲ್ಲಿ ಚಕ್ರ ಒಂದು ಸುತ್ತು ಬಂತು.

ಬೀಗರ ಔತಣ

ಕಥೆ ಮುಗಿಯುವ ಹೊತ್ತಿಗೆ ಗುಂಡ್ಲುಪೇಟೆಯ ದೀಪ ಕಾಣುತ್ತಿತ್ತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಅಣ್ಣನನ್ನು ಅವನು ಚಿಕ್ಕವನಿದ್ದಾಗ ನೋಡಿದ್ದಾನೆ. ಮಂಡಿಯಲ್ಲಿ ಕೂತು ಬೆಲ್ಲ ಮೂಸುವ ಕುರುಡಜ್ಜ ಅಂತ ಅಷ್ಟೇ ಗೊತ್ತಿತ್ತು, ಯಾಕೆ ಕುರುಡಾದದ್ದು ಅಂತ ಗೊತ್ತಿರಲಿಲ್ಲ. ಅಣ್ಣ ಹೋಗಿ ಹನ್ನೆರಡು ವರ್ಷವಾಯಿತು.

ಮರುದಿನ ಬೆಳಿಗ್ಗೆ ಬಂದು ಕ್ಯಾನಿನ ಮಾಲು ಬೇಡ ಅಂತ ಹೇಳಿಬಿಟ್ಟೆ ಅಂದ. ಲೈಸೆನ್ಸ್ ಇರುವ ಅಂಗಡಿಯಿಂದ ನಮ್ಮ ರಾಜ್ಯದ ಲೇಬಲ್ಲಿರುವ ಬಾಟಲಿಯನ್ನೇ, ಬಿಲ್ಲು ಸಮೇತ ತರುತ್ತಾನಂತೆ. ಆಚೆ ಕಡೆ ಒಂದಿಷ್ಟು ಅಗ್ಗವೆಂದು ಗಡಿ ದಾಟಿಸಿ ತಂದರೆ ಕೆಕ್ಕನಹಳ್ಳದಲ್ಲಿ ಮಾಲೂ ಹೋಗುತ್ತದೆ, ಗಾಡಿಯೂ ನಿಲ್ಲುತ್ತದೆ ಅಂತ ಅದನ್ನೂ ಹೇಳಿದ್ದೆ. ದುಡ್ಡು ಸಾಲದ್ದಕ್ಕೆ ಬಾಟಲಿಯ ಲೆಕ್ಕ ಅರ್ಧಕ್ಕೆ ಇಳಿಸಿದ್ದಾನೆ, ಬಾಡೂಟ ಮಾತ್ರ ಕಡಿಮೆ ಮಾಡುವುದಿಲ್ಲವಂತೆ. ಬೀಗರು ಏನಾದರೂ ಅಂದುಕೊಂಡರೆ ಅಂತ ಅವನಿಗೆ ಇನ್ನೂ ಅಳುಕಿದೆ. ಅಂದುಕೊಳ್ಳಲಿ ಬಿಡು ಅಂದೆ. ಎರಡು ದಿನ ಆಡಿಕೊಂಡು ಮರೆಯುತ್ತಾರೆ. ಮದುವೆಗೆ ಬಂದವರೆಲ್ಲ ಕಣ್ಣಿಟ್ಟುಕೊಂಡು ಮನೆಗೆ ಹೋದರೆ ಸಾಕು.